ಗೊಂಬೆ ಕಾಡಿನಲ್ಲಿ ಕಲಿತ ಪಾಠ

ಹೆಸರು ಗೊಂಬೆ. ಆಟದ ಗೊಂಬೆಗೂ ಈ ಕಾಡಿಗೂ ಸಂಬಂಧವೇನೂ ಇಲ್ಲ. ಆಫ್ರಿಕದ ಟಾಂಜಾನಿಯಾ ದೇಶದಲ್ಲಿ, ಟಾಂಗನಿಕಾ ಸರೋವರದ ಪೂರ್ವ ದಂಡೆಗೆ ಅಂಟಿಕೊಂಡಿರುವ ಪುಟ್ಟ ಅರಣ್ಯವಿದು. ಕಿಗೋಮಾ ಪಟ್ಟಣದಿಂದ ಉತ್ತರಕ್ಕೆ ಸುಮಾರು 16 ಕಿ.ಮೀ. ದೂರ, ಹೋಗಲು ದೋಣಿಯೇ ಗತಿ. ಆಳದಲ್ಲಿ ಜಗತ್ತಿಗೇ ಎರಡನೆಯದಾದ ಈ ಸರೋವರದ ಅಂಚಿನಿಂದಲೇ ಗುಡ್ಡಗಳು ಕಡಿದಾಗಿ ಮೇಲೇಳುತ್ತವೆ. ಕಣಿವೆಗಳಲ್ಲಿ ತೊರೆಗಳು, ದಟ್ಟ ಮರಗಳು, ನೆತ್ತಿಯಲ್ಲಿ ಹುಲ್ಲು.

1960ರ ಜುಲೈ 14ರಂದು ಇಲ್ಲಿ ದೋಣಿಯಿಂದ ಇಳಿದಾಗ ಇಂಗ್ಲೆಂಡಿನ ಜೇನ್ ಗುಡಾಲ್ ಅವರಿಗೆ 26 ವರ್ಷ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಹೋಟೆಲಿನಲ್ಲಿ ಊಟ ಬಡಿಸಿ ಹಣ ಕೂಡಿಸಿ 1957ರಲ್ಲಿ ಆಫ್ರಿಕದ ಹಡಗು ಹತ್ತಿದ್ದರು. ಚಿಂಪಾಂಜಿಗಳ ಅಧ್ಯಯನಕ್ಕೆ ಇವರನ್ನು ಆರಿಸಿದವರು ವಿಜ್ಞಾನಿ ಲೂಯಿ ಲೀಕಿ. ಹೆಣ್ಣುಮಗಳೊಬ್ಬಳೇ ಕಾಡಿನಲ್ಲಿರುವುದನ್ನು ಅಂದಿನ ಬ್ರಿಟಿಷ್ ಅಧಿಕಾರಿಗಳು ಒಪ್ಪಲಿಲ್ಲ. ಆಗ ಜೊತೆಗೆ ಹೊರಟುಬಂದವರು ತಾಯಿ ವ್ಯಾನ್.

ಆರಂಭ ಸುಲಭವಾಗಿರಲಿಲ್ಲ. ತಾಯಿ ಮಗಳಿಬ್ಬರೂ ಮಲೇರಿಯಾದಿಂದ ಮಲಗಿದರು. ಚೇತರಿಸಿಕೊಂಡ ತಾಯಿ ಮೀನುಗಾರರಿಗೆ ಔಷಧಿ ಕೊಡುತ್ತ ಊರವರ ವಿಶ್ವಾಸ ಗಳಿಸಿದರು. ಮಗಳು ನಸುಕಿನಲ್ಲೇ ಗುಡ್ಡ ಹತ್ತುತ್ತಿದ್ದರು. ಆದರೆ ಚಿಂಪಾಂಜಿಗಳು ಇವರನ್ನು ದೂರದಿಂದ ಕಂಡರೂ ಸಾಕು, ಓಡುತ್ತಿದ್ದವು. ಕೈಯಲ್ಲಿದ್ದ ಹಣ ಆರು ತಿಂಗಳಿಗಷ್ಟೆ. ಅವರು ಬೆನ್ನಟ್ಟಲಿಲ್ಲ. ಎತ್ತರದ ಬಂಡೆಯ ಮೇಲೆ ತಗಡಿನ ಪೆಟ್ಟಿಗೆಯಲ್ಲಿ ಕಾಫಿ, ಕಂಬಳಿ ಇಟ್ಟುಕೊಂಡು, ದುರ್ಬೀನು ಹಿಡಿದು ಸುಮ್ಮನೆ ಕುಳಿತರು. ದಿನವೂ ಅದೇ ಜಾಗ, ಅದೇ ಮಾಸಲು ಬಣ್ಣದ ಬಟ್ಟೆ.

ನವೆಂಬರಿನಲ್ಲಿ ಫಲ ದೊರೆಯಿತು. ಡೇವಿಡ್ ಗ್ರೇಬಿಯರ್ಡ್ ಎಂದು ಅವರು ಹೆಸರಿಟ್ಟಿದ್ದ ಬಿಳಿಗಡ್ಡದ ಚಿಂಪಾಂಜಿ ಹುಲ್ಲುಕಡ್ಡಿಯನ್ನು ಹುತ್ತದೊಳಗೆ ತೂರಿಸಿ, ಅದಕ್ಕೆ ಕಚ್ಚಿಕೊಂಡ ಗೆದ್ದಲುಗಳನ್ನು ತಿನ್ನುತ್ತಿತ್ತು. ರೆಂಬೆಯ ಎಲೆ ಸವರಿ ಕಡ್ಡಿ ಮಾಡಿಕೊಳ್ಳುವುದೂ ಕಂಡಿತು. ಉಪಕರಣ ತಯಾರಿಸುವವನು ಮನುಷ್ಯನೊಬ್ಬನೇ ಎಂಬ ನಂಬಿಕೆ ಅಲುಗಿತು. ಅಧ್ಯಯನ ಮುಂದುವರಿಸಲು ಹಣವೂ ಬಂತು. 1962ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಪದವಿಯಿಲ್ಲದ ಇವರನ್ನು ನೇರವಾಗಿ ಪಿಎಚ್.ಡಿ.ಗೆ ಸೇರಿಸಿಕೊಂಡಿತು. ಪ್ರಾಣಿಗಳಿಗೆ ಹೆಸರಿಡಬಾರದು, ಸಂಖ್ಯೆ ಕೊಡಬೇಕು ಎಂದು ಅಲ್ಲಿನ ವಿದ್ವಾಂಸರು ಆಕ್ಷೇಪಿಸಿದರೂ ಅವರು ತಾವು ಕಂಡದ್ದನ್ನು ಬಿಟ್ಟುಕೊಡಲಿಲ್ಲ.

ಈ ತಾಳ್ಮೆ ಬಂದದ್ದೆಲ್ಲಿಂದ? ನಾಲ್ಕೈದು ವರ್ಷದ ಜೇನ್ ಒಮ್ಮೆ, ಕೋಳಿ ಮೊಟ್ಟೆ ಇಡುವುದನ್ನು ನೋಡಲು ಗೂಡಿನಲ್ಲಿ ಗಂಟೆಗಟ್ಟಲೆ ಅಡಗಿ ಕುಳಿತಿದ್ದಳು. ಮನೆಯವರು ಊರೆಲ್ಲ ಹುಡುಕಿದರು. ಹುಲ್ಲು ಮೆತ್ತಿಕೊಂಡು ಓಡಿಬಂದ ಮಗಳನ್ನು ತಾಯಿ ಗದರಲಿಲ್ಲ. ಕೂರಿಸಿಕೊಂಡು ಕಥೆಯನ್ನೆಲ್ಲ ಕೇಳಿದರು.

ಗುಡಾಲ್ 2025ರ ಅಕ್ಟೋಬರ್ 1ರಂದು, 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗೊಂಬೆಯ ಬಂಡೆಯ ಮೇಲೆ ಕಾದು ಕುಳಿತದ್ದು ಅವರೊಬ್ಬರೇ ಅಲ್ಲ, ಕೋಳಿಗೂಡಿನ ಆ ಮಗುವೂ ಹೌದು. ಅಂದು ತಾಯಿ ಗದರಿದ್ದರೆ?