ಹಳೆ ದಿಲ್ಲಿಯ ಮಾಳಿಗೆ ಸಂಸಾರಗಳು

ಊರಿನಿಂದ ನೆಂಟರು ಬಂದರೆ ಕೆಂಪುಕೋಟೆ, ಕುತುಬ್ ಮಿನಾರು, ರಾಜಘಾಟ್ ಇಷ್ಟನ್ನು ತೋರಿಸಿ ರೈಲು ಹತ್ತಿಸುವುದು ದಿಲ್ಲಿಯ ಕನ್ನಡಿಗರಾದ ನಮ್ಮ ರೂಢಿ. ಅವೆಲ್ಲ ನೋಡತಕ್ಕ ಸ್ಥಳಗಳೇ ಸರಿ. ಆದರೆ ಬೀದಿಗಳ ದಿಲ್ಲಿಯ ಮೇಲೆ ಮಾಳಿಗೆಗಳ ದಿಲ್ಲಿಯೊಂದಿದೆ. ಅಲ್ಲಿಯ ಪ್ರಜೆಗಳು ಪಾರಿವಾಳಗಳು. ಅದನ್ನು ತೋರಿಸುವವರು ಕಡಮೆ.

ಹೋಗುವುದು ಕಷ್ಟವೇನೂ ಅಲ್ಲ. ೨೦೧೭ರಲ್ಲಿ ನೇರಳೆ ಮೆಟ್ರೋ ಮಾರ್ಗ ಕಾಶ್ಮೀರಿ ಗೇಟಿನವರೆಗೆ ಬೆಳೆದ ಮೇಲೆ, ಕೇಂದ್ರ ಸಚಿವಾಲಯದ ನಿಲ್ದಾಣದಲ್ಲಿ ಹತ್ತಿದವನು ಗಾಡಿ ಬದಲಿಸದೆ ಜಾಮಾ ಮಸೀದಿಯಲ್ಲಿ ಇಳಿಯಬಹುದು. ಷಾಜಹಾನನ ಕಾಲದಲ್ಲಿ, ೧೬೫೬ರಲ್ಲಿ ಮುಗಿದ ಆ ಮಸೀದಿಯ ಮೆಟ್ಟಿಲ ಮೇಲೆ ಸಂಜೆ ನಾಲ್ಕರ ಹೊತ್ತಿಗೆ ನಿಂತರೆ ಸಾಕು. ಒಂದು ಮಾಳಿಗೆಯಿಂದ ಶಿಳ್ಳೆ, ಇನ್ನೊಂದರಿಂದ ‘ಆವೋ, ಆವೋ’ ಎಂಬ ಕೂಗು. ಆಕಾಶದಲ್ಲಿ ಹಿಂಡುಗಳು ಒಮ್ಮೆಲೇ ಹೊರಳಿ ಬೆಳ್ಳಗೆ ಮಿಂಚಿ, ಮತ್ತೆ ಕಪ್ಪಾಗಿ ಸುತ್ತುತ್ತವೆ.

ಈ ಹುಚ್ಚು ಇಂದು ನಿನ್ನೆಯದಲ್ಲ. ಬಾಬರನ ತಂದೆ ೧೪೯೪ರಲ್ಲಿ ತೀರಿಕೊಂಡದ್ದೇ ಪಾರಿವಾಳದ ಗೂಡಿನೊಡನೆ ಕಮರಿಗೆ ಬಿದ್ದು! ಮರಿಮಗನಾದ ಅಕ್ಬರನ ಬಳಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಪಾರಿವಾಳಗಳಿದ್ದವೆಂದು ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ಹೇಳುತ್ತದೆ. ಅವುಗಳನ್ನು ಹಾರಿಸುವ ವಿನೋದಕ್ಕೆ ಬಾದಶಹನು ‘ಇಷ್ಕ್‌ಬಾಜಿ’, ಎಂದರೆ ಪ್ರೇಮದಾಟ, ಎಂದು ಹೆಸರಿಟ್ಟಿದ್ದನಂತೆ.

ನಮ್ಮ ಕಛೇರಿಯ ಸಹೋದ್ಯೋಗಿಯೊಬ್ಬರ ಮನೆ ಆ ಗಲ್ಲಿಗಳಲ್ಲೊಂದರಲ್ಲಿದೆ. ಕಳೆದ ಪುಷ್ಯಮಾಸದಲ್ಲಿ ಅವರು ನಮ್ಮ ಸಂಸಾರವನ್ನೆಲ್ಲ ನೆರೆಮನೆಯ ಮಾಳಿಗೆಗೆ ಕರೆದೊಯ್ದರು. ಅಲ್ಲಿ ಮರದ ದೊಡ್ಡ ಗೂಡು. ನಡುವೆ ಹಲಗೆಯ ಅಡ್ಡಗೋಡೆ. ಒಂದು ಕಡೆ ಗಂಡುಗಳು, ಇನ್ನೊಂದು ಕಡೆ ಹೆಣ್ಣುಗಳು. ನಮ್ಮ ಮನೆಯವರಿಗೆ ಇದು ಸರಿಬೀಳಲಿಲ್ಲ. “ಪಾಪ, ಜೋಡಿಹಕ್ಕಿಗಳನ್ನು ಚಳಿಯಲ್ಲಿ ಅಗಲಿಸುವುದುಂಟೆ?” ಎಂದು ಕೇಳಿಯೇ ಬಿಟ್ಟರು. ಮುದುಕ ಯಜಮಾನರು ನಕ್ಕು, “ತಾಯಿಗೆ ವಿಶ್ರಾಂತಿ ಬೇಡವೇ, ಅಮ್ಮಾ?” ಎಂದರು.

ಆ ಮಾತಿನಲ್ಲಿ ಸತ್ಯವಿದೆ. ಪಾರಿವಾಳ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಸುಮಾರು ಹದಿನೆಂಟು ದಿನ ಕಾವು. ಹಗಲಿನ ಬಹುಭಾಗ ಗಂಡಿನ ಸರದಿ. ಸಂಜೆಯಿಂದ ಬೆಳಗಿನವರೆಗೆ ಹೆಣ್ಣಿನದು. ಮರಿಗಳಿಗೆ ತಂದೆತಾಯಿಗಳಿಬ್ಬರೂ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ಆಹಾರ ಉಣಿಸುತ್ತವೆ. ಇಷ್ಟಾಗಿ, ಮರಿಗಳು ಗೂಡು ಬಿಡುವ ಮೊದಲೇ ಹೆಣ್ಣು ಮತ್ತೆ ಮೊಟ್ಟೆಗೆ ಕೂರುವುದುಂಟು! ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದಂಶವೆಲ್ಲ ಅದರ ಮೈಯಿಂದಲೇ ಹೋಗಬೇಕು. ದಿಲ್ಲಿಯಲ್ಲಿ ಬೇಸಗೆಯ ಹಗಲು ಹದಿನಾಲ್ಕು ಗಂಟೆಯಾದರೆ ಡಿಸೆಂಬರಿನ ಹಗಲು ಹತ್ತೂವರೆ ಗಂಟೆಗೂ ಕಡಮೆ. ತಿನ್ನುವುದಕ್ಕೂ ತಿನ್ನಿಸುವುದಕ್ಕೂ ಹೊತ್ತು ಸಾಲದು. ಕೆಲವು ರಾತ್ರಿ ಚಳಿ ೪ ಡಿಗ್ರಿಗೆ ಇಳಿಯುತ್ತದೆ. ಪುಕ್ಕ ತುಂಬುವ ಮೊದಲೇ ತಾಯಿ ಕಾವು ಬಿಟ್ಟರೆ ಮರಿ ಸೆಟೆದುಹೋಗುತ್ತದೆ. ಆದ್ದರಿಂದ ಕಡೆಯ ಮರಿಗಳು ಸ್ವತಂತ್ರವಾದ ಮೇಲೆ, ನವೆಂಬರ್ ಕೊನೆಯಿಂದ ವಸಂತಪಂಚಮಿಯ ಸುಮಾರಿನವರೆಗೆ, ಬೇರೆ ಇಡುವುದು ಅವರ ಪದ್ಧತಿ.

ಹಾಗೆಂದು ಎಲ್ಲರೂ ಅಗಲಿಸಬೇಕೆಂದಲ್ಲ. ಎರಡು ಗೂಡಿಗೂ ಸಾಕಷ್ಟು ಜಾಗವಿಲ್ಲದಿದ್ದರೆ ಗಂಡುಗಳು ಕೂರುವ ಕೋಲಿಗಾಗಿ ಕಾದಾಡುತ್ತವೆ. ಹೆಣ್ಣುಗಳು ತಮ್ಮತಮ್ಮಲ್ಲೇ ಜೋಡಿಯಾಗಿ ಬರಡು ಮೊಟ್ಟೆ ಇಡುವುದೂ ಉಂಟು. ಆಗ ಉಳಿತಾಯವೆಲ್ಲಿ ಬಂತು? ಒಂದೆರಡು ಜೋಡಿ ಸಾಕಿದವರಿಗೆ ಸುಲಭವಾದ ಉಪಾಯವೊಂದಿದೆ: ಜೋಡಿಯನ್ನು ಹಾಗೆಯೇ ಬಿಟ್ಟು, ಇಟ್ಟ ಮೊಟ್ಟೆಯ ಬದಲು ಮರದ ಮೊಟ್ಟೆ ಇಡುವುದು. ಮೂರು ವಾರದ ಸುಮಾರಿಗೆ ಕೂತು ಬೇಸತ್ತು ಅವೇ ಏಳುತ್ತವೆ. ಸುಮ್ಮನೆ ಮೊಟ್ಟೆ ತೆಗೆದುಬಿಟ್ಟರೆ ಹೆಣ್ಣು ಬೇಗನೆ ಮತ್ತೆ ಇಡುವುದರಿಂದ ಸವೆತ ಇನ್ನೂ ಹೆಚ್ಚು. ಅಗಲಿಕೆಯಾಗಲಿ, ಮರದ ಮೊಟ್ಟೆಯಾಗಲಿ, ಹೆಣ್ಣಿಗೆ ನಿಜವಾಗಿ ವಿಶ್ರಾಂತಿ ಸಿಕ್ಕಿತೇ ಎಂಬುದೊಂದೇ ಒರೆಗಲ್ಲು.

ಇದು ನಮಗೇನೂ ಹೊಸದಲ್ಲ. ನಮ್ಮ ಹೆಣ್ಣುಮಕ್ಕಳನ್ನು ಬಾಣಂತನಕ್ಕೆ ತವರಿಗೆ ಕಳಿಸಿ, ಗಂಡಸರು ಕೈ ಸುಟ್ಟುಕೊಂಡು ಅನ್ನ ಬೇಯಿಸಿಕೊಳ್ಳುವುದಿಲ್ಲವೇ? ಅದಕ್ಕೊಂದು ಕಾರಣವಿದೆ, ಮುಗಿಯುವ ದಿನವಿದೆ, ಅದರಿಂದಲೇ ಸಹ್ಯ. ಬಾಡಿಗೆಗೆ ಅಂಜಿಯೋ ಮಕ್ಕಳ ಶಾಲೆಗಾಗಿಯೋ ಸಂಸಾರವನ್ನು ಊರಲ್ಲೇ ಬಿಟ್ಟು, ವರ್ಷಗಟ್ಟಲೆ ಒಂಟಿಯಾಗಿರುವವರೂ ನಮ್ಮಲ್ಲಿದ್ದಾರೆ. ಮೆಟ್ಟಿಲಿಳಿಯುವಾಗ ನಮ್ಮ ಮನೆಯವರು ಅಂದರು: “ಈ ಹಕ್ಕಿಗಳಿಗೆ ವಸಂತವಾದರೂ ತಪ್ಪದೆ ಬರುತ್ತದೆ. ಅಂಥವರಿಗೆ ದಿನ ಗೊತ್ತುಮಾಡುವವರು ಯಾರು?” ನಾನು ಉತ್ತರ ಹೇಳಲಿಲ್ಲ. ಓದುಗರಲ್ಲಿ ಅಂಥವರಿದ್ದರೆ, ಒಂದು ತಿಂಗಳು ಗೊತ್ತುಮಾಡಿ ಊರಿಗೆ ಕಾಗದ ಬರೆಯಲಿ.

ಫೆಬ್ರವರಿಯ ಒಂದು ಭಾನುವಾರ ಹೋದರೆ ಜೋಡಿಗಳನ್ನು ಕೂಡಿಸುವುದನ್ನು ನೋಡಬಹುದು. ಕೆಲವರು ಮೊದಲು ಒಂದೆರಡು ದಿನ ತಂತಿಯ ಜಾಲರಿ ಅಡ್ಡವಿಟ್ಟು ಮುಖ ತೋರಿಸುತ್ತಾರೆ. ಗಂಡು ಕತ್ತು ಉಬ್ಬಿಸಿ, ತಲೆಬಾಗಿಸಿ, ಗುಟುರುಹಾಕಿ ಸುತ್ತುತ್ತದೆ. ಹಳೆಯ ಜೊತೆಗಾತಿಯನ್ನು ಅನೇಕ ಹಕ್ಕಿಗಳು ಮರೆತಿರುವುದಿಲ್ಲ. ಹಿಂದಿರುಗುವಾಗ ಕೆಂಪುಕೋಟೆಯ ಎದುರಿನ ಜೈನ ಲಾಲ್ ಮಂದಿರದ ಪಕ್ಷಿಗಳ ಆಸ್ಪತ್ರೆಯನ್ನೂ ನೋಡಿ ಬನ್ನಿ. ಮಕ್ಕಳನ್ನು ಮರೆಯದೆ ಕರೆದೊಯ್ಯಿರಿ; ಸಂಜೆಯ ಗಾಳಿ ತಣ್ಣಗಿರುತ್ತದೆ, ಅವರ ಕಿವಿಗೆ ಟೋಪಿ ಇರಲಿ.