ಎರಡೆಳೆಯ ಹಗ್ಗ

ಕಾಲೇಜಿಗೆ ಸೇರಿದಂದಿನಿಂದ ನಾನು ತುಂಬಿದ ಅರ್ಜಿಗಳಿಗೆ ಲೆಕ್ಕವಿಲ್ಲ. ಎಲ್ಲದರಲ್ಲಿಯೂ 'ತಂದೆಯ ವೃತ್ತಿ' ಎಂಬ ಒಂದು ಸಾಲು ಇದ್ದೇ ಇರುತ್ತದೆ. ಅಲ್ಲಿ ನಾನು 'ವ್ಯವಸಾಯ' ಎಂದು ಬರೆಯುತ್ತ ಬಂದೆ. ತಿಪಟೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ನಮಗಿರುವುದು ಹತ್ತು ಗುಂಟೆ ನೆಲ. ಮನೆಯ ಒಲೆ ಉರಿಯುವುದು ನಮ್ಮ ತಂದೆಯವರು ಕತ್ತದ ಹಗ್ಗ ಹೊಸೆದು ಸಂತೆಯಲ್ಲಿ ಮಾರುವುದರಿಂದ. ಆದರೆ ಬಿ.ಎ. ಓದುವ ಮಗನಿಗೆ ಆ ಮಾತನ್ನು ಬರೆಯಲು ಕೈ ಬರಲಿಲ್ಲ.

ಶನಿವಾರ ಊರಿಗೆ ಹೋದಾಗಲೆಲ್ಲ ತಂದೆಯವರು ಕೇಳುವ ಪ್ರಶ್ನೆ ಒಂದೇ: "ಈ ವಾರ ಏನು ಓದಿದ್ಯೋ ಮಗ?" ನನ್ನ ಉತ್ತರವೂ ಒಂದೇ: "ಅದೆಲ್ಲ ನಿನಗೆ ತಿಳಿಯೋದಿಲ್ಲ, ಬಿಡಪ್ಪ."

ಈ ವರ್ಷ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ನಮ್ಮ ಕಾಲೇಜಿನಲ್ಲಿ ಜೀವಕೋಶವನ್ನು ಕುರಿತು ಒಂದು ಉಪನ್ಯಾಸವಾಯಿತು. ಕಲಾ ವಿದ್ಯಾರ್ಥಿಗಳಾದ ನಾವು ಹಿಂದಿನ ಬೆಂಚಿನಲ್ಲಿ ಕುಳಿತದ್ದು, ಮುಚ್ಚಿಡುವುದೇಕೆ, ಕೊನೆಗೆ ಕೊಡುವ ಬೋಂಡ ಕಾಫಿಗಾಗಿ. ಆದರೆ ಒಂದು ಮಾತು ಕಿವಿಗೆ ಬಿದ್ದಿತು. ನಮ್ಮ ಒಂದೊಂದು ಜೀವಕೋಶದಲ್ಲಿಯೂ ಸುಮಾರು ಎರಡು ಮೀಟರು ಉದ್ದದ ಡಿ.ಎನ್.ಎ. ಇದೆಯಂತೆ, ಅದು ಅಡಗಿರುವ ಕೋಶಕೇಂದ್ರದ ಅಗಲವೋ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು! 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಅದು ಒಂದನ್ನೊಂದು ಹೆಣೆದುಕೊಂಡ ಎರಡೆಳೆ ಎಂದು ತಿಳಿಸಿದರು. ಒಡನೆಯೇ ಒಂದು ತೊಡಕು ಎದುರಾಯಿತು: ಅದರಲ್ಲಿ ಬರೆದುದನ್ನು ಓದಬೇಕಾದರೆ ಎಳೆಗಳನ್ನು ಬಿಡಿಸಬೇಕಲ್ಲ, ಅಷ್ಟು ಉದ್ದದ ಹುರಿಯನ್ನು ಸಿಕ್ಕಾಗದಂತೆ ಬಿಡಿಸುವುದು ಹೇಗೆ? ಉಪನ್ಯಾಸಕರು ಹಳೆಯ ಟೆಲಿಫೋನಿನ ಸುರುಳಿ ತಂತಿಯನ್ನು ನೆನೆದುಕೊಳ್ಳಿ ಎಂದರು. ನಾನು ಅಂಥ ತಂತಿಯನ್ನು ಕಂಡವನೇ ಅಲ್ಲ.

ಆ ಭಾನುವಾರ ತಂದೆಯವರು ಜಗಲಿಯ ಮೇಲೆ ಕರುವಿಗೆಂದು ಎರಡೆಳೆಯ ಕಣ್ಣಿ ಹೊಸೆಯುತ್ತಿದ್ದರು. ಏನು ತೋಚಿತೋ, ಕೇಳಿದೆ: "ಅಪ್ಪ, ಎರಡು ತುದಿಯನ್ನೂ ಬಿಗಿಯಾಗಿ ಕಟ್ಟಿ ನಡುವೆ ಎಳೆ ಬಿಡಿಸಿದರೆ ಏನಾಗುತ್ತೆ?"

"ಅಲ್ಲಿದ್ದ ಹುರಿ ಎಲ್ಲಿಗೋಗ್ಬೇಕು? ಮುಂದಕ್ಕೆ ಸೇರ್ಕೊಂಡು ಬಿಗಿಯುತ್ತೆ. ಇನ್ನೂ ಬಿಡಿಸಿದ್ರೆ ತನ್ನ ಮೇಲೆ ತಾನೇ ಸುತ್ಕೊಂಡು ಗಂಟಾಗುತ್ತೆ."

ಹಾಗೆಂದು ಒಂದು ತುದಿಯನ್ನು ನನ್ನ ಕೈಗಿತ್ತು, ಇನ್ನೊಂದನ್ನು ಹಿಂದಕ್ಕೆ ನಾಲ್ಕು ಸುತ್ತು ತಿರುಗಿಸಿದರು. ಎಳೆಗಳ ನಡುವೆ ಬೆರಳು ತೂರುವಷ್ಟು ಸಂದಾಯಿತು. "ಹೊಸ ಎಳೆ ಸೇರಿಸೋವಾಗ ಹಿಂಗೇ ಮಾಡೋದು. ಬಿಗಿ ಹುರಿ ಒಳಕ್ಕೆ ಬಿಡಲ್ಲ."

ನಾನು ಬೆರಗಾದೆ. ಉಪನ್ಯಾಸಕರು ಒಂದು ಗಂಟೆ ಹೇಳಿದ್ದು ಇದನ್ನೇ! ಬ್ಯಾಕ್ಟೀರಿಯವು ತನ್ನ ಡಿ.ಎನ್.ಎ.ಯಲ್ಲಿ ನೂರು ಸುತ್ತು ಇರಬೇಕಾದ ಕಡೆ ಸುಮಾರು ಆರು ಸುತ್ತು ಕಡಮೆ ಇಟ್ಟುಕೊಳ್ಳುತ್ತದೆ. ಅದರಿಂದ ಹಗ್ಗವು ತನ್ನ ಮೇಲೆ ತಾನೇ ಸುತ್ತಿಕೊಂಡು ಅಡಕವಾಗುತ್ತದೆ. ಬೇಕಾದೆಡೆ ಎಳೆಗಳು ಸುಲಭವಾಗಿ ಬಾಯಿ ಬಿಡುತ್ತವೆ. ನಮ್ಮ ಕೋಶಗಳಲ್ಲಾದರೋ ಹಿಸ್ಟೋನ್ ಎಂಬ ಮಣಿಗಳಿವೆ. ಒಂದೊಂದು ಮಣಿಗೆ 147 ಅಕ್ಷರಗಳಷ್ಟು ಉದ್ದ ಎರಡು ಸುತ್ತಿಗೂ ಕಡಮೆಯಾಗಿ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಅಡಕವಾದ ಭಾಗ ಓದಲು ಸಿಗದು, ಸಡಿಲವಾದುದು ಸಿಗುತ್ತದೆ. ಕಣ್ಣಿಗೂ ಪಿತ್ತಜನಕಾಂಗಕ್ಕೂ ಇರುವುದು ಒಂದೇ ಹಗ್ಗ. ಎಲ್ಲಿ ಬಿಚ್ಚಿದೆ ಎಂಬುದರಲ್ಲಿಯೇ ವ್ಯತ್ಯಾಸ.

"ಗಂಟಾದರೆ ಏನು ಮಾಡ್ತೀಯಪ್ಪ?"

"ಬಿಡಿಸೋಕಾಗದೇ ಹೋದ್ರೆ ಕೊಯ್ದು, ಹುರಿ ಬಿಟ್ಟು, ಮತ್ತೆ ಸೇರಿಸ್ತೀನಿ."

ಕೋಶವೂ ಹಾಗೆಯೇ ಮಾಡುತ್ತದೆ. ಒಂದು ಎಳೆಯನ್ನು ಕತ್ತರಿಸಿ, ಹುರಿಯನ್ನು ಸಡಿಲಿಸಿ, ಮತ್ತೆ ಬೆಸೆಯುವ ಕಿಣ್ವವನ್ನು ಜೇಮ್ಸ್ ವಾಂಗ್ ಎಂಬವರು 1971ರಲ್ಲಿ ಪ್ರಕಟಪಡಿಸಿದರು. ಎರಡೆಳೆಗಳನ್ನೂ ಕತ್ತರಿಸಿ ಬೆಸೆಯುತ್ತ ಬ್ಯಾಕ್ಟೀರಿಯದ ಹುರಿಯನ್ನು ಕಡಮೆ ಮಾಡುವ ಗೈರೇಸನ್ನು 1976ರಲ್ಲಿ ಮಾರ್ಟಿನ್ ಗೆಲ್ಲರ್ಟ್ ಮತ್ತು ಸಂಗಡಿಗರು ಕಂಡುಕೊಂಡರು. ಹೋದ ವರ್ಷ ನಮ್ಮ ತಾಯಿಗೆ ಸೋಂಕಾದಾಗ ವೈದ್ಯರು ಕೊಟ್ಟ ಸಿಪ್ರೊಫ್ಲಾಕ್ಸಾಸಿನ್ ಗುಳಿಗೆ ಈ ಗೈರೇಸನ್ನೇ ಹಿಡಿಯುತ್ತದೆ: ಕತ್ತರಿಸಿದ್ದನ್ನು ಮತ್ತೆ ಬೆಸೆಯಲು ಬಿಡುವುದಿಲ್ಲ. ಇದನ್ನು ಹೇಳಿದಾಗ ತಂದೆಯವರು ತಲೆದೂಗಿ, "ಕೊಯ್ದು ಸೇರಿಸದೆ ಬಿಟ್ರೆ ಹಗ್ಗ ಏನಕ್ಕೆ ಬಂತು? ರೋಗ ಸಾಯ್ದೆ ಇನ್ನೇನು!" ಎಂದರು.

ಅಂದು ದೀಪ ಹಚ್ಚುವ ಹೊತ್ತಿನವರೆಗೂ ಮಾತನಾಡಿದೆವು. ಮೂರು ವರ್ಷದಲ್ಲಿ ನಾನು ಕಾಲೇಜಿನ ಪಾಠವೊಂದನ್ನು ಮನೆಯಲ್ಲಿ ಹೇಳಿದ್ದು ಅದೇ ಮೊದಲು. ಕೊನೆಗೆ ತಂದೆಯವರು ಕೇಳಿದರು: "ಇದನ್ನೆಲ್ಲ ಕಂಡುಹಿಡಿದೋರಿಗೆ ಹಗ್ಗ ಹೊಸೆಯೋಕೆ ಬರ್ತಿತ್ತೇನೋ?" ನಾನು ನಕ್ಕೆನೇ ಹೊರತು ಉತ್ತರ ಕೊಡಲಾಗಲಿಲ್ಲ. ಅವರಿಗೆ ತಿಳಿಯುವುದಿಲ್ಲವೆಂದು ಮೂರು ವರ್ಷ ಹೇಳಿದವನು ನಾನು. ತಿಳಿಯದೆ ಇದ್ದವನೂ ನಾನೇ.

ಕಳೆದ ವಾರ ಅಂತಿಮ ಪರೀಕ್ಷೆಯ ಅರ್ಜಿ ಬಂದಿತು. 'ತಂದೆಯ ವೃತ್ತಿ' ಎಂಬಲ್ಲಿ 'ಹಗ್ಗ ಹೊಸೆಯುವುದು' ಎಂದು ಬರೆದೆ. ಜಾಗ ಚಿಕ್ಕದಾಗಿತ್ತು, ಅಕ್ಷರಗಳನ್ನು ಸ್ವಲ್ಪ ಒತ್ತಿ ಬರೆಯಬೇಕಾಯಿತು.