ಮಗಳ ತಲೆ ಬಾಚುವ ಕೆಲಸ

ನನ್ನ ಹೆಂಡತಿ ಸಿದ್ದಿ, ನಾನಲ್ಲ. ಎರಡು ವರ್ಷದ ಮಗಳಿಗೆ ಬಂದಿರುವುದು ಅವಳಮ್ಮನ ಗುಂಗುರು ಕೂದಲು. ಹೆಂಡತಿಗೆ ಬೆಳಗಿನ ಡ್ಯೂಟಿ, ಹಾಗಾಗಿ ತಲೆ ಬಾಚುವುದು ನನ್ನ ಪಾಲಿಗೆ. ಮೊದಮೊದಲು ಒಣಗೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಬುಡದಿಂದಲೇ ಎಳೆಯುತ್ತಿದ್ದೆ. ಬಾಚಣಿಗೆ ಕಂಡರೆ ಮಗಳು ಮಂಚದಡಿ ಸೇರುತ್ತಿದ್ದಳು.

ಯಲ್ಲಾಪುರದಿಂದ ಬಂದ ಅತ್ತೆ ಅದನ್ನು ಕೈಯಿಂದ ಕಸಿದುಕೊಂಡರು. ನೀರು ಚಿಮುಕಿಸಿ, ಕೊಬ್ಬರಿ ಎಣ್ಣೆ ಸವರಿ, ಕೂದಲನ್ನು ನಾಲ್ಕು ಪಾಲು ಮಾಡಿ, ಬೆರಳಲ್ಲೇ ತುದಿಯಿಂದ ಸಿಕ್ಕು ಬಿಡಿಸುತ್ತ ಮೇಲಕ್ಕೆ ಹೋದರು. ಆಮೇಲಷ್ಟೇ ಅಗಲ ಹಲ್ಲಿನ ಬಾಚಣಿಗೆ. ನೆತ್ತಿಯ ಜಿಡ್ಡು ಸುರುಳಿ ಕೂದಲ ತುದಿಯವರೆಗೆ ಸುಲಭವಾಗಿ ಇಳಿಯುವುದಿಲ್ಲ, ಅದಕ್ಕೇ ಬೇಗ ಒಣಗುತ್ತದೆ. ಈಗ ದಿನಾ ಇಪ್ಪತ್ತು ನಿಮಿಷ ಬೇಕು. ಸುದ್ದಿ ತಡವಾಯಿತೆಂದು ಡೆಸ್ಕಿನವರಿಂದ ಬೈಸಿಕೊಂಡದ್ದೂ ಉಂಟು.

ನಮ್ಮ ಆಯಿಯ ತಕರಾರು ಬೇರೆ. "ಇನ್ನೊಮ್ಮೆ ಬೋಳಿಸೋ, ನೆಟ್ಟಗೆ ಬರ್ತದೆ." ಸುರುಳಿ ಬರುವುದು ಚರ್ಮದೊಳಗಿನ ಬುಡದಿಂದ, ಬೋಳಿಸಿದರೆ ಬದಲಾಗದು ಎಂದೆ. "ನಾಳೆ ಶಾಲೇಲಿ ಮಕ್ಕಳು ಆಡ್ಕೊಂಡ್ರೆ?" ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದನ್ನು ಎಷ್ಟೋ ವರದಿಗಳಲ್ಲಿ ಬರೆದವನು ನಾನು. ಇದಕ್ಕೆ ಉತ್ತರ ಹೊಳೆಯಲಿಲ್ಲ.

ಒಳಗಿದ್ದ ಹೆಂಡತಿಗೆ ಎಲ್ಲ ಕೇಳಿಸಿತ್ತು. ಏಳನೇ ಕ್ಲಾಸಿನವರೆಗೂ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡೇ ಶಾಲೆಗೆ ಹೋಗಿದ್ದಳಂತೆ. ಮದುವೆಯಾಗಿ ಐದು ವರ್ಷ, ನನಗೆ ಹೇಳಿದ್ದು ಆ ರಾತ್ರಿ.